ಬಾಯಿ ಮೂಸುವ ಮನೆ

ನಮ್ಮಜ್ಜಿ ಯಾರ ಮಾತನ್ನೂ ನಂಬುತ್ತಿರಲಿಲ್ಲ. ಬಾಯಿ ಮೂಸಿ ನೋಡುತ್ತಿದ್ದಳು. ಹೊರಗಿಂದ ಓಡಿ ಬಂದ ನನ್ನನ್ನು ಹೊಸಲಿನ ಮೇಲೇ ಹಿಡಿದು, ಎರಡು ಬೆರಳಲ್ಲಿ ಕೆನ್ನೆ ಒತ್ತಿ, "ಆ ಅನ್ನು" ಎನ್ನುತ್ತಿದ್ದಳು. ನಾನು ಆ ಅಂದರೆ ಅವಳ ಮೂಗು ನನ್ನ ಹಲ್ಲಿನವರೆಗೂ ಬರುತ್ತಿತ್ತು. ಬೆಲ್ಲ ತಿಂದಿದ್ದರೆ ಬೆಲ್ಲ, ಹುಣಸೆಹಣ್ಣು ಚೀಪಿದ್ದರೆ ಹುಣಸೆಹಣ್ಣು, ಹಾಲಿನ ಕೆನೆಗೆ ಬೆರಳಿಟ್ಟಿದ್ದರೆ ಅದೂ ಗೊತ್ತಾಗುತ್ತಿತ್ತು. ಒಂದು ಒಲೆಯಲ್ಲಿ ಬೇಯುವ ಮನೆ ಅದು. ಎಲ್ಲ ಮಕ್ಕಳಿಗೂ ಒಂದೇ ಗಾತ್ರದ ಮುದ್ದೆ, ಒಂದೇ ಸೌಟು ಸಾರು. ಹೆತ್ತವಳು ತನ್ನ ಕೂಸಿಗೆ ಮರೆಯಲ್ಲಿ ಒಂದು ತುತ್ತು ಜಾಸ್ತಿ ಕೊಟ್ಟುಬಿಟ್ಟಾಳು ಅನ್ನುವ ಅನುಮಾನ ಅಜ್ಜಿಗೆ ಬೆಳಗ್ಗೆ ಎದ್ದ ತಕ್ಷಣ ಶುರುವಾಗುತ್ತಿತ್ತು. ಅವಳ ಅನುಮಾನ ಸುಳ್ಳೇನೂ ಅಲ್ಲ. ಕೊಡುತ್ತಿದ್ದರು. ಎಲ್ಲರೂ ಕೊಡುತ್ತಿದ್ದರು. ಕದ್ದು ಕೊಡದೆ ಇದ್ದರೆ ಪ್ರೀತಿ ಅಂತ ನಮಗೆ ಅನ್ನಿಸುತ್ತಲೇ ಇರಲಿಲ್ಲ.

ಈಗ ನಾನು ಎಪ್ಪತ್ತರ ಹತ್ತಿರ ಬಂದಿದ್ದೇನೆ. ಅದೇ ಮನೆ, ಅದೇ ಹೊಸಲು. ಹೋದ ದಸರಾ ರಜೆಯಲ್ಲಿ ಒಂದು ಬೆಳಗ್ಗೆ ನನ್ನ ಮೊಮ್ಮಗಳು ಸಿರಿ ಹಿತ್ತಲ ಕಡೆಯಿಂದ ತುಟಿ ಒರೆಸಿಕೊಳ್ಳುತ್ತಾ ಬಂದಳು. ಮೂರು ವರ್ಷದ ಮಗು. ನಾನು ಅವಳ ತೋಳು ಹಿಡಿದು, ಕೆನ್ನೆ ಒತ್ತಿ, "ಆ ಅನ್ನಮ್ಮ" ಅಂದೆ. ಅಂದ ಮೇಲೆ ನನ್ನ ಕೈಯನ್ನೇ ನೋಡಿಕೊಂಡೆ. ಅಜ್ಜಿಯ ಕೈಯ ಹಾಗೇ ಕಂಡಿತು. ಅದೇ ಗಂಟು, ಅದೇ ಎರಡು ಬೆರಳು.

ಮೊದಲು ಮನೆಯ ಬಗ್ಗೆ ಹೇಳುತ್ತೇನೆ. ಹಾಲ್ಕುರಿಕೆ ಹತ್ತಿರದ ಸಣ್ಣ ಊರು ನಮ್ಮದು. ಮನೆಯೆಂದರೆ ಕೆಳಗೆ ಮನುಷ್ಯರು, ಮೇಲೆ ಕಾಯಿ. ನಡುಮನೆಯ ಮೇಲೆ ಬಿದಿರಿನ ಗಳ ಹಾಸಿದ ಅಟ್ಟ, ಅಟ್ಟದ ತುಂಬ ಸಿಪ್ಪೆ ಸಮೇತ ತೆಂಗಿನಕಾಯಿ. ಅಲ್ಲೇ ಹತ್ತು ಹನ್ನೊಂದು ತಿಂಗಳು ಕೂತು, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಳ್ಳಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಗ ಮಾತ್ರ ಇಳಿಸುವುದು. ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಹೆಂಗಸರಂತೂ ಏಣಿಗೆ ಕಾಲಿಡಬಾರದು. ಅಜ್ಜಿ ಕೆಳಗೆ ಕಂಬಕ್ಕೆ ಒರಗಿ ಕೂತು ಅವರೆಕಾಯಿ ಸುಲಿಯುತ್ತಿದ್ದರೂ ಅವಳ ಕಿವಿ ಮೇಲೇ ಇರುತ್ತಿತ್ತು. ಒಂದು ಕಾಯಿ ಉರುಳಿದ ಸದ್ದಾದರೆ ಅವರೆಕಾಯಿ ಅಲ್ಲೇ ನಿಲ್ಲುತ್ತಿತ್ತು.

ಅಟ್ಟದ ಕಾಯಲ್ಲಿ ಕೆಲವು ಒಣಗುವ ಬದಲು ಮೊಳಕೆ ಒಡೆಯುತ್ತವೆ. ಮೊಳಕೆ ಬಂದದ್ದು ಕೊಬ್ಬರಿಗೆ ಬರುವುದಿಲ್ಲ. ಗಂಡಸರು ಅಂಥವನ್ನು ಆರಿಸಿ ಹಿತ್ತಲ ಗುಡ್ಡೆಗೆ ಎಸೆಯುತ್ತಾರೆ. ಅದನ್ನು ಒಡೆದರೆ, ನೀರಿದ್ದ ಜಾಗದಲ್ಲಿ ಹತ್ತಿಯಂಥ ಮೆತ್ತನೆಯ ಉಂಡೆಯೊಂದು ಕೂತಿರುತ್ತದೆ. ಬಿಳಿ, ಅಂಚಿಗೆ ತುಸು ಹಳದಿ. ಬಾಯಿಗಿಟ್ಟರೆ ಜಗಿಯುವ ಕೆಲಸವೇ ಇಲ್ಲ, ಸಿಹಿಯಾಗಿ ಕರಗುತ್ತದೆ. ಆದರೆ ಒಂದು ಎಣ್ಣೆ ವಾಸನೆ ಬಿಟ್ಟು ಹೋಗುತ್ತದೆ. ನೀರು ಮುಕ್ಕಳಿಸಿದರೂ ಹೋಗುವಂಥದ್ದಲ್ಲ.

ಆ ಉಂಡೆಯನ್ನು ನನಗೆ ಮೊದಲು ತಿನ್ನಿಸಿದವಳು ನಮ್ಮ ಚಿಕ್ಕಮ್ಮ, ಅಪ್ಪನ ತಮ್ಮನ ಹೆಂಡತಿ. ನನಗಾಗ ಐದೋ ಆರೋ ವರ್ಷ. ಅವಳು ನಮ್ಮ ಮನೆಗೆ ಬಂದು ಮೂರು ವರ್ಷವಾಗಿತ್ತು, ಮಡಿಲು ಇನ್ನೂ ತುಂಬಿರಲಿಲ್ಲ. ಹಾಗಾಗಿ ಅವಳ ಕಣ್ಣು ನನ್ನ ಮೇಲೆ. ನಮ್ಮವ್ವನ ಕಣ್ಣು ಅವಳ ಮೇಲೆ. ಅಜ್ಜಿಯ ಕಣ್ಣು ಇಬ್ಬರ ಮೇಲೆ. ಬೆಳಗಿನ ರೊಟ್ಟಿಯಾದ ಮೇಲೆ ಚಿಕ್ಕಮ್ಮ ಹುಲ್ಲಿನ ಮಂಕರಿ ಸೊಂಟಕ್ಕಿಟ್ಟುಕೊಂಡು ಕರೆಯುತ್ತಿದ್ದಳು.

"ಬಾರೋ ಕಂದ, ಹಸೀಗೆ ಹುಲ್ಲು ಹಾಕ್ಬರನ."

ಕೊಟ್ಟಿಗೆಯ ಹಿಂದೆ ಕೂತು, ಗುಡ್ಡೆಯಿಂದ ಒಂದು ಮೊಳಕೆ ಕಾಯಿ ಎಳೆದು, ಮಚ್ಚಿನಲ್ಲಿ ಎರಡೇ ಏಟಿಗೆ ಹೋಳು ಮಾಡುತ್ತಿದ್ದಳು. ಉಂಡೆಯನ್ನು ಹೆಬ್ಬೆರಳಲ್ಲಿ ಬಿಡಿಸಿ ನನ್ನ ಬಾಯಿಗೆ ಹಿಡಿಯುತ್ತಿದ್ದಳು. ಅವಳು ಒಂದು ಚೂರೂ ತಿನ್ನುತ್ತಿರಲಿಲ್ಲ, ನಾನು ತಿನ್ನುವುದನ್ನು ನೋಡುತ್ತಿದ್ದಳು.

"ತಿನ್ನು. ಬಿಸಾಕಿದ್ ಕಾಯಿ ಕಣೋ, ಯಾರ್ದೂ ಅಲ್ಲ."

ಆಮೇಲೆ ಸೆರಗಿನಲ್ಲಿ ನನ್ನ ಬಾಯಿ ಒರೆಸಿ, ಕಟ್ಟೆಯಿಂದ ಎರಡು ತುಳಸಿ ಎಲೆ ಕಿತ್ತು ಜಗಿಸಿ ಒಳಗೆ ಕಳಿಸುತ್ತಿದ್ದಳು. ಎಷ್ಟು ದಿನ ನಡೆಯಿತೋ ಗೊತ್ತಿಲ್ಲ. ಆಯುಧಪೂಜೆಯ ಹಿಂದಿನ ದಿನ ಸಿಕ್ಕಿಬಿದ್ದೆ. ಅಡುಗೆಮನೆಯಲ್ಲಿ ಕಾಯಿ ಒಬ್ಬಟ್ಟಿಗೆ ಹೂರಣ ಕಾಯುತ್ತಿತ್ತು. ಹೂರಣಕ್ಕೆ ನಾನೇ ಬೆರಳಿಟ್ಟಿದ್ದೇನೆಂದು ಅಜ್ಜಿ ನನ್ನನ್ನು ಹಿಡಿದಳು. ಮೂಸಿದಳು. ಹೂರಣದ ವಾಸನೆ ಅಲ್ಲ. ಇನ್ನೊಂದು ಸಲ ಮೂಸಿದಳು.

"ಮೊಳ್ಕೆ ಕಾಯಿ ತಿಂದಿದ್ದೀಯ. ಯಾರ್ಲಾ ಕೊಟ್ಟೋರು?"

"ಚಿಕ್ಕಮ್ಮ."

ಅಷ್ಟೇ ಅಂದದ್ದು. ಅಜ್ಜಿ ನಡುಮನೆಗೆ ಬಂದು ನಿಂತು ಕೂಗಿದಳು.

"ನೋಡ್ರೋ, ಏಣಿ ಹತ್ತವ್ಳೆ! ನಾನಿನ್ನೂ ಬದ್ಕಿರಂಗೇ ಅಟ್ಟ ಹತ್ತಿ ಕಾಯಿ ಇಳಿಸವ್ಳೆ!"

ಚಿಕ್ಕಮ್ಮ ಒಬ್ಬಟ್ಟಿನ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು. ಅಳಲಿಲ್ಲ, ಕೂಗಲಿಲ್ಲ.

"ಇಲ್ಲ ಕಣತ್ತೆ. ಅಟ್ಟದ್ದಲ್ಲ. ಹಿತ್ಲಲ್ಲಿ ಬಿಸಾಕಿದ್ದು. ಮಗೀನೇ ಕೇಳಿ ಬೇಕಾದ್ರೆ."

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪ, ಚಿಕ್ಕಪ್ಪ, ಅಜ್ಜಿ. ನಾನು ಅವ್ವನ ಸೀರೆಗೆ ಅಂಟಿಕೊಂಡಿದ್ದೆ. ಅವ್ವನ ಕೈ ನನ್ನ ಭುಜದ ಮೇಲಿತ್ತು. ಅದು ಒತ್ತಿತೋ ಸುಮ್ಮನೆ ಇತ್ತೋ, ಇವತ್ತಿಗೂ ಹೇಳಲಾರೆ. ಹೆತ್ತ ತಾಯಿಯ ಕೈಯನ್ನೇ ಅರವತ್ತು ವರ್ಷದಿಂದ ಅನುಮಾನಿಸುತ್ತಾ ಬಂದಿದ್ದೇನೆ. ಹಿತ್ತಲ ಕಾಯಿ ಅಂತ ಒಂದು ಮಾತು ಅಂದಿದ್ದರೆ ಆಗಿಹೋಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಇನ್ನೊಂದು ಸಲ ಮೂಸುತ್ತಾರೆ ಅನ್ನುವ ಭಯ ಇತ್ತೋ ಏನೋ.

ಮಾರನೆಯ ದಿನ ಆಯುಧಪೂಜೆಗೆ ಚಿಕ್ಕಪ್ಪ ಒಬ್ಬಟ್ಟು ಮುಟ್ಟಲಿಲ್ಲ. ಸಂಕ್ರಾಂತಿ ಹೊತ್ತಿಗೆ ಒಲೆ ಬೇರೆಯಾಯಿತು. ನಡುಮನೆಯ ಮಧ್ಯೆ ಗೋಡೆ ಎದ್ದಿತು. ಅರ್ಧ ಅಟ್ಟ ಅವರಿಗೆ, ಅರ್ಧ ನಮಗೆ. ಗೋಡೆಯ ಆ ಕಡೆ ಚಿಕ್ಕಮ್ಮ ಒಗ್ಗರಣೆ ಹಾಕಿದರೆ ಈ ಕಡೆ ನನ್ನ ಮೂಗಿಗೆ ಬರುತ್ತಿತ್ತು. ಇವತ್ತು ಹುರುಳಿ ಸಾರು, ಇವತ್ತು ಸೊಪ್ಪಿನ ಬಸ್ಸಾರು. ನನ್ನ ಮೂಗು ಚುರುಕಾದದ್ದೇ ಆ ಗೋಡೆಯ ಪಕ್ಕ ಕೂತು. ಮುಂದೆ ಅವರಿಗೆ ಮಕ್ಕಳಾದವು, ಶೆಟ್ಟಿಕೆರೆ ಕಡೆ ತೋಟ ಮಾಡಿಕೊಂಡು ಹೋದರು. ಅವರ ಭಾಗ ನಮಗೇ ಬಂತು. ಗೋಡೆ ಒಡೆಸಿದೆವು. ಆದರೆ ನೆಲಕ್ಕೆ ಸಿಮೆಂಟು ಹಾಕಿಸಿದಾಗ ಗೋಡೆ ಇದ್ದ ಜಾಗ ಯಾಕೋ ಬೇರೆ ಬಣ್ಣ ತಿರುಗಿತು. ನಡುಮನೆಗೆ ಅಡ್ಡಲಾಗಿ ಒಂದು ಗೇಣು ಅಗಲದ ಗೆರೆ, ಈಗಲೂ ಇದೆ.

ಚಿಕ್ಕಮ್ಮನ ಮಗಳ ಮದುವೆಗೆ ಹೋಗಿದ್ದೆ. ಆಗ ನನಗೂ ಮದುವೆಯಾಗಿತ್ತು. ಪಂಕ್ತಿಯಲ್ಲಿ ಅವಳೇ ಪಾಯಸ ಬಡಿಸುತ್ತಾ ಬಂದಳು. ನನ್ನ ಎಲೆಯ ಮುಂದೆ ಬಗ್ಗಿ, ಒಂದು ಸೌಟಿನ ಬದಲು ಎರಡು ಸೌಟು ಹಾಕಿದಳು.

"ತಿನ್ನಪ್ಪ. ಇದು ನಮ್ಮನೇದೇ."

ಸಿಟ್ಟಿನಲ್ಲಿ ಅಂದಳೋ ಪ್ರೀತಿಯಲ್ಲಿ ಅಂದಳೋ ಎಂದು ನಾನು ಮುಖ ಎತ್ತಿ ನೋಡುವಷ್ಟರಲ್ಲಿ ಪಕ್ಕದ ಎಲೆಗೆ ಹೋಗಿದ್ದಳು. ಆಮೇಲೆ ಕೆಲವು ವರ್ಷಕ್ಕೆ ಅವಳು ತೀರಿಯೇ ಹೋದಳು. ಹೇಳಬೇಕಾಗಿದ್ದ ಮಾತು ನನ್ನ ಬಾಯಲ್ಲೇ ಉಳಿಯಿತು. ಮೊಳಕೆ ಉಂಡೆಯನ್ನು ಅಜ್ಜಿಗೆ ಸಿಕ್ಕಿಬಿದ್ದ ದಿನದಿಂದ ನಾನು ಬಾಯಿಗೆ ಇಟ್ಟಿರಲಿಲ್ಲ.

ಈಗ ದಸರಾ ರಜೆಗೆ ಬರುತ್ತೇನೆ. ನನ್ನ ಮಗ ಲೋಕೇಶ, ಸೊಸೆ ಸವಿತಾ ಇಬ್ಬರಿಗೂ ತುರುವೇಕೆರೆಯ ಒಂದು ಸ್ಕೂಲಿನಲ್ಲಿ ಕೆಲಸ. ಇವನು ಆಫೀಸಿನಲ್ಲಿ, ಅವಳು ಟೀಚರು. ರಜೆ ಬಂದರೆ ಮಕ್ಕಳನ್ನು ಕಟ್ಟಿಕೊಂಡು ನೆಟ್ಟಗೆ ಇಲ್ಲಿಗೇ. ಅವರು ಬರುತ್ತಾರೆಂದರೆ ನಾನು ಎರಡು ದಿನ ಮುಂಚಿನಿಂದ ಕೂತಲ್ಲಿ ಕೂರುವುದಿಲ್ಲ. ನಾಲ್ಕನೇ ಕ್ಲಾಸಿಗೇ ಪುಸ್ತಕ ಬಿಟ್ಟ ನನಗೆ ಈ ಸಂತೋಷಕ್ಕೆ ಸರಿಯಾದ ಮಾತು ಗೊತ್ತಿಲ್ಲ. ಒಂದೂವರೆ ವರ್ಷದ ಮೊಮ್ಮಗ ಪುಟ್ಟ ಆ ಸಲ ತಾನೇ ನಡೆದುಕೊಂಡು ಹೊಸಲು ದಾಟಿದ. ನಡುಮನೆಯ ಗೆರೆಯ ಹತ್ತಿರ ಬಂದು ನಿಂತು, ಅದನ್ನು ಹಳ್ಳವೆಂದುಕೊಂಡನೋ ಏನೋ, ಕಾಲೆತ್ತಿ ಕಾಲೆತ್ತಿ ನೋಡಿ ದಪ್ಪನೆ ಕೂತುಬಿಟ್ಟ. ನಾನು ನಕ್ಕು ನಕ್ಕು ಕಣ್ಣೊರೆಸಿಕೊಂಡೆ. ನನ್ನ ಹೆಂಡತಿ ಕೆಂಪಮ್ಮ, "ಅಳ್ತಿದ್ದೀರೋ ನಗ್ತಿದ್ದೀರೋ, ಒಂದ್ ತೀರ್ಮಾನ ಮಾಡ್ಕಳಿ" ಅಂದಳು.

ಆದರೆ ಎರಡನೇ ದಿನಕ್ಕೇ ಒಂದು ಅನುಮಾನ ಹುಟ್ಟಿತು. ಪುಟ್ಟ ಊಟದ ಹೊತ್ತಿಗೆ ಬಾಯಿ ಬಿಡುತ್ತಿಲ್ಲ. ಕೆಂಪಮ್ಮ ಮುದ್ದೆಯನ್ನು ತುಪ್ಪದಲ್ಲಿ ಕಲಸಿ, ಕಾಗೆ ತೋರಿಸಿ, ಕರು ತೋರಿಸಿ ಕರೆದರೂ ಮುಖ ತಿರುಗಿಸುತ್ತಾನೆ. ಉಣ್ಣದ ಮಗು ಅಳಬೇಕು, ಸೊರಗಬೇಕು. ಇವನು ಗುಂಡಗೆ ಕುಣಿಯುತ್ತಿದ್ದಾನೆ. ಅಂದರೆ ಯಾರೋ ತಿನ್ನಿಸುತ್ತಿದ್ದಾರೆ. ಯಾರು? ನಾನು ಕಂಬಕ್ಕೆ ಒರಗಿ ಕೂತು ಲೆಕ್ಕ ಹಾಕಿದೆ. ಆ ಕಂಬ ಅಜ್ಜಿಯದೇ. ಲೋಕೇಶ ಅಂಗಡಿಯಿಂದ ಬಂದ ಮೇಲೆ ಅವನ ಜೇಬು ಪರಪರ ಅನ್ನುತ್ತಿತ್ತು. ಕೆಂಪಮ್ಮನ ಸೆರಗಿನ ತುದಿ ಬೆಲ್ಲದ ಪಾಕಕ್ಕೆ ಬಿದ್ದ ಹಾಗೆ ಅಂಟಂಟಾಗಿತ್ತು. ಆದರೆ ನನಗೆ ಗಟ್ಟಿಯಾಗಿ ಅನುಮಾನ ಬಂದದ್ದು ಸೊಸೆಯ ಮೇಲೆ. ಊಟಕ್ಕೆ ಇನ್ನೇನು ಎಲೆ ಹಾಕಬೇಕು ಅನ್ನುವಾಗ ಅವಳು ಪುಟ್ಟನನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕುತ್ತಿದ್ದಳು. ಅವಳ ಬ್ಯಾಗಿನೊಳಗೆ ಒಂದು ಸ್ಟೀಲ್ ಡಬ್ಬಿ ಇತ್ತು. ಮುಚ್ಚಳದ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದಳು.

ಅದನ್ನು ನಾನೇ ಕೆಂಪಮ್ಮನ ಕಿವಿಗೆ ಹಾಕಿದೆ.

"ನೋಡು, ಬಾಗ್ಲು ಹಾಕ್ಕಂಡು ಏನೋ ತಿನ್ನಿಸ್ತಾಳೆ. ನಿನ್ ಅಡ್ಗೆ ಮಗೀಗೆ ಆಗಲ್ಲ ಅಂತಾನೋ ಏನೋ."

"ಹಂಗೂ ಉಂಟಾ? ಅವ್ರಪ್ಪನ್ನ ಸಾಕಿದ್ದೇ ಈ ಅಡ್ಗೇಲಿ!" ಅಂದ ಕೆಂಪಮ್ಮ ಮಜ್ಜಿಗೆ ಕಡೆಯುವುದನ್ನು ಅಷ್ಟಕ್ಕೇ ಬಿಟ್ಟಳು.

ಇಷ್ಟು ಹೇಳಿದ ನಾನು ಒಂದು ವಿಷಯ ಅವಳಿಗೂ ಹೇಳಲಿಲ್ಲ. ದಿನಾ ಬೆಳಗ್ಗೆ ಪುಟ್ಟನನ್ನು ಹೆಗಲ ಮೇಲೆ, ಸಿರಿಯನ್ನು ಬೆರಳಿಗೆ ಕಟ್ಟಿಕೊಂಡು ಹಿತ್ತಲಿಗೆ ಹೋಗುತ್ತಿದ್ದವನು ನಾನು. ಗುಡ್ಡೆಯಿಂದ ಮೊಳಕೆ ಕಾಯಿ ಎಳೆದು ಒಡೆಯುತ್ತಿದ್ದೆ. ಸಿರಿಗೆ ಒಂದು ಸಣ್ಣ ಚೂರು, ಅವಳಿಗೆ ಅದರ ಮೇಲೆ ಅಷ್ಟು ಆಸೆ ಇಲ್ಲ. ಪುಟ್ಟನಿಗೆ ಉಳಿದದ್ದೆಲ್ಲ. ಎರಡು ಕೈಯಲ್ಲೂ ಹಿಡಿದು, ಮೂಗಿಗೂ ಗಲ್ಲಕ್ಕೂ ಮೆತ್ತಿಕೊಂಡು ಅವನು ತಿನ್ನುವುದನ್ನು ನೋಡಿದರೆ ನನ್ನ ಎದೆ ಉಬ್ಬಿ ಬರುತ್ತಿತ್ತು. ಇನ್ನೂ ಬೇಕು ಅಂತ ಕೈ ಚಾಚಿದರೆ ಎರಡನೇ ಕಾಯಿ. ಆಮೇಲೆ ಪಂಚೆಯ ಚುಂಗಿನಿಂದ ಇಬ್ಬರ ಬಾಯಿ ಒರೆಸಿ, ಸಿರಿಗೆ ಹೇಳುತ್ತಿದ್ದೆ.

"ಯಾರಿಗೂ ಹೇಳ್ಬಾರ್ದು ಕಣಮ್ಮ. ಹೂಂ?"

"ಹೂಂ ತಾತ."

ಹಾಗಾದರೆ ಆ ಬೆಳಗ್ಗೆ ನಾನು ಅವಳ ಬಾಯಿ ಯಾಕೆ ಮೂಸಿದೆ? ನಾನು ಕೊಟ್ಟದ್ದಲ್ಲದೆ ಬೇರೆ ಯಾರೋ ಏನೋ ಕೊಟ್ಟಿದ್ದಾರೆಯೇ ಅಂತ ನೋಡಲಿಕ್ಕೆ. ಹೂರಣದ ವಾಸನೆ ಬಂತು. ಬಿಸ್ಕತ್ತಿನದೂ ಬಂತು. ನನ್ನದು ನನಗೆ ಬರಲಿಲ್ಲ. ನಾನು ಕೊಟ್ಟದ್ದು ಲೆಕ್ಕಕ್ಕಿಲ್ಲ ಅನ್ನುವ ಹಾಗೆ ನನ್ನ ಮೂಗು ನಡೆದುಕೊಂಡಿತು.

ಆಯುಧಪೂಜೆಯ ಮಾರನೆಯ ದಿನ ಪುಟ್ಟ ಬೆಳಗ್ಗೆಯಿಂದ ಎರಡು ಸಲ ವಾಂತಿ ಮಾಡಿಕೊಂಡ. ಹೊಟ್ಟೆ ಉಬ್ಬಿ ಕಲ್ಲಿನ ಹಾಗಾಗಿತ್ತು. ಕುಣಿಯುತ್ತಿದ್ದ ಮಗು ತಾಯಿಯ ಹೆಗಲ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತು. ಕೆಂಪಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ, ದೃಷ್ಟಿಯೇ ಆಗಿದೆ ಎಂದಳು. ಲೋಕೇಶ ಕೇಳದೆ ಗಾಡಿ ಕರೆಸಿ ತಿಪಟೂರಿಗೆ ಹೊರಡಿಸಿದ. ಮನೆಗೆ ಬೀಗ ಹಾಕಿಕೊಂಡು ಎಲ್ಲರೂ ಹೋದೆವು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಬೆರಳಿಟ್ಟು ತಟ್ಟಿ ನೋಡಿ, ಕನ್ನಡಕದ ಮೇಲಿಂದ ನಮ್ಮನ್ನೆಲ್ಲ ನೋಡಿದರು.

"ಮಗುವಿಗೆ ಏನೇನು ತಿನ್ನಿಸಿದ್ದೀರಿ?"

"ಏನಿಲ್ಲ ಮೇಡಂ" ಎಂದೆವು. ನಾಲ್ಕು ಜನವೂ. ಒಂದೇ ಬಾಯಲ್ಲಿ ಅಂದ ಹಾಗೆ.

ಡಾಕ್ಟರಮ್ಮ ನಕ್ಕರು. ಏನೂ ತಿನ್ನದ ಮಗುವಿಗೆ ಇಷ್ಟು ಅಜೀರ್ಣ ನಾನು ನೋಡಿಯೇ ಇಲ್ಲ ಎಂದು ಔಷಧಿ ಬರೆದು, ಎರಡು ದಿನ ಗಂಜಿ, ಸಕ್ಕರೆ ಉಪ್ಪಿನ ನೀರು, ಬೇರೆ ಒಂದು ಚೂರೂ ಕೊಡಬೇಡಿ ಎಂದು ಕಳಿಸಿದರು. ವಾಪಸು ಗಾಡಿ ಹತ್ತಿದೆವು. ನಾಲ್ಕು ಜನ ನಾಲ್ಕು ಕಡೆ ಮುಖ ಮಾಡಿಕೊಂಡು ತೆಂಗಿನ ತೋಟಗಳನ್ನು ಹೊಸದಾಗಿ ನೋಡುವವರ ಹಾಗೆ ನೋಡುತ್ತಾ ಬಂದೆವು.

ಮನೆಗೆ ಬಂದು ಪುಟ್ಟನನ್ನು ಮಲಗಿಸಿದ ಮೇಲೆ ಕೆಂಪಮ್ಮ ನಡುಮನೆಯಲ್ಲಿ ನಿಂತಳು.

"ಸವಿತಾ, ಆ ಡಬ್ಬೀಲಿ ಏನೈತಮ್ಮ?"

"ಯಾವ್ ಡಬ್ಬಿ ಅತ್ತೆ?"

"ಬಟ್ಟೆ ಸುತ್ತಿ ಇಟ್ಟಿದ್ದೀಯಲ್ಲ, ಬಾಗ್ಲು ಹಾಕ್ಕಂಡು ತಿನ್ನಿಸ್ತೀಯಲ್ಲ, ಅದು. ನಮ್ ಅಡ್ಗೆ ಬ್ಯಾಡ ಅಂದ್ರೆ ಬಾಯ್ಬಿಟ್ ಹೇಳು. ಕದ್ದು ಯಾಕ್ ಕೊಡ್ಬೇಕು?"

ಸವಿತಾ ಕೋಣೆಗೆ ಹೋಗಿ ಡಬ್ಬಿ ತಂದು ಎಲ್ಲರೆದುರು ಮುಚ್ಚಳ ತೆಗೆದು ನೆಲಕ್ಕಿಟ್ಟಳು. ಹುರಿದ ಅಕ್ಕಿ, ಹೆಸರುಬೇಳೆ ಬೀಸಿದ ಹಿಟ್ಟು. ಮಗುವಿಗೆ ಗಂಜಿಯ ಹಾಗೆ ಸರಿ ಮಾಡಿ ತಿನ್ನಿಸುವ ಹಿಟ್ಟು, ಅಷ್ಟೇ.

"ಸಾರಿನ ಖಾರ ಅವ್ನಿಗೆ ತಡೆಯಲ್ಲ ಅಂತ ಮೊದ್ಲು ಎರಡು ಚಮಚ ಇದನ್ನ ಕೊಡ್ತಿದ್ದೆ. ನಿಮ್ಗೆ ಬೇಜಾರಾಗುತ್ತೆ ಅಂತ ಬಾಗ್ಲು ಹಾಕ್ದೆ. ಇದೊಂದೇ ಕಣತ್ತೆ ನಾನ್ ಕೊಟ್ಟಿದ್ದು. ಬೇಕಾದ್ರೆ ಮಗೂನೇ ಕೇಳಿ."

ಮಗೂನೇ ಕೇಳಿ. ಆ ಮಾತು ಕಿವಿಗೆ ಬಿದ್ದಾಗ ನಾನು ಸಿರಿಯ ಕಡೆ ತಿರುಗಿದೆ. ಕೆಂಪಮ್ಮ ಬಗ್ಗಿ ಸಿರಿಯ ಕೆನ್ನೆ ಹಿಡಿದಳು. ಈ ಮನೆಯಲ್ಲಿ ಐವತ್ತು ವರ್ಷ ಬಾಳಿದ್ದಾಳೆ, ಅವಳಿಗೂ ಅದೇ ಬಂದಿದೆ.

"ಆ ಅನ್ನೇ. ತಮ್ಮಂಗೆ ಯಾರ್ಯಾರು ಏನೇನ್ ಕೊಟ್ರು, ಹೇಳು ಬಂಗಾರಿ."

ಸಿರಿ ಗೆರೆಯ ಮೇಲೇ ನಿಂತಿದ್ದಳು. ಅಜ್ಜಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಕೊನೆಗೆ ನನ್ನನ್ನು. ಕೆಳತುಟಿ ಹೊರಗೆ ಬಂದು ಅದುರತೊಡಗಿತು. ಹೇಳಬೇಕೆಂದು ಅವಳಿಗಿದೆ, ಹೇಳಬಾರದು ಅಂತ ತಾತ ಹೇಳಿದ್ದಾನೆ. ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು. ಮೂರು ವರ್ಷದ ಮಗುವಿಗೆ ನಾನು ಕಲಿಸಿದ ವಿದ್ಯೆ ಅದು. ಮಗಳು ತನ್ನ ಪರವಾಗಿ ಒಂದು ಮಾತು ಆಡಲೆಂದು ಸವಿತಾ ಕಾದಳು. ಮಗು ಆಡಲಿಲ್ಲ. ಸವಿತಳ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಅದೇ ಮುಖವನ್ನು ನಾನು ಹಿಂದೆ ನೋಡಿದ್ದೆ, ಚಿಕ್ಕಮ್ಮನ ಕೈಗೆ ಒಬ್ಬಟ್ಟಿನ ಹಿಟ್ಟು ಮೆತ್ತಿದ್ದಾಗ.

"ಸಂಜೆ ಬಸ್ಸಿಗೆ ನಾನು ಮಕ್ಕಳು ಮಾಯಸಂದ್ರಕ್ಕೆ ಹೋಗ್ತೀವಿ. ಉಳಿದ ರಜಾ ಅಮ್ಮನ ಮನೇಲಿರ್ತೀವಿ" ಎಂದು ಅವಳು ಬಟ್ಟೆ ಮಡಿಚಲು ತಿರುಗಿದಳು.

"ಮಗೀನ್ ಬುಡೇ" ಎಂದೆ ಹೆಂಡತಿಗೆ. "ನಾನು ಕೊಟ್ಟಿದ್ದು. ದಿನಾ ಬೆಳಗ್ಗೆ, ಮೊಳ್ಕೆ ಕಾಯಿ. ಹಿತ್ಲಲ್ಲಿ ಬಿಸಾಕಿದ್ದು. ಒಂದೊಂದು ದಿನ ಎರಡೆರಡು. ನಾನೇ ಹೇಳ್ಬ್ಯಾಡ ಅಂದಿದ್ದೆ ಅವ್ಳಿಗೆ. ಆ ಡಬ್ಬಿ ಮಾತು ನಿನ್ ಕಿವೀಗೆ ಹಾಕಿದ್ದೂ ನಾನೇ."

ಕೆಂಪಮ್ಮ ಬೆಚ್ಚಿದವಳ ಹಾಗೆ ಸಿರಿಯ ಕೆನ್ನೆ ಬಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ಸೆರಗಿನ ಅಂಟು ತುದಿಯನ್ನು ಕೈಯಲ್ಲಿ ಹಿಂಡಿದಳು.

"ನಾನೂ ಒಂದೀಟು ಹೂರಣ ಕೊಟ್ಟಿದ್ದೆ."

"ಎಷ್ಟಮ್ಮಾ?" ಎಂದ ಲೋಕೇಶ.

"ಒಂದೀಟು ಅಂದ್ನಲ್ಲ! ಬೆಳಗ್ಗೆ ಒಂದುಂಡೆ, ಮಧ್ಯಾಹ್ನ ಒಂದುಂಡೆ. ಒಬ್ಬಟ್ಟು ತಿನ್ನಕ್ಕೆ ಹಲ್ಲಿಲ್ಲ ಮಗೀಗೆ, ಹೂರಣನಾದ್ರೂ ತಿನ್ಲಿ ಅಂತ. ನೀನ್ ಯಾಕ್ಲಾ ನೆಲ ನೋಡ್ತಿದ್ದೀಯ? ನಿನ್ ಜೇಬಲ್ಲೇನದು?"

ಲೋಕೇಶ ಜೇಬಿನಿಂದ ಕ್ರೀಮ್ ಬಿಸ್ಕತ್ತಿನ ಅರ್ಧ ಪ್ಯಾಕೆಟ್ ತೆಗೆದ. ಸಿರಿ ಬಾಯಿಂದ ಕೈ ತೆಗೆದು, ಇನ್ನು ಹೇಳಬಹುದು ಅನ್ನುವುದು ಗೊತ್ತಾಗಿ, ಒಂದೇ ಉಸಿರಿಗೆ ಕೂಗಿದಳು.

"ನಾನೂ ಕೊತ್ತೆ! ಕಡ್ಲೆಮಿಠಾಯಿ ಕೊತ್ತೆ!"

ಕೆಂಪಮ್ಮನಿಗೆ ನಗು ತಡೆಯಲಿಲ್ಲ. ಲೋಕೇಶನೂ ನಕ್ಕ. ಸವಿತಾ ನಗಲಿಲ್ಲ. ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಡಾಕ್ಟರ್ ಕೇಳ್ದಾಗ್ಲಾದ್ರೂ ಹೇಳ್ಬೋದಿತ್ತಲ್ವಾ ಮಾವ? ಅವ್ನ್ ಹೊಟ್ಟೇಲಿ ಏನಿದೆ ಅಂತ ತಿಳೀದೆ ನಾನು ಬೆಳಗ್ಗೆಯಿಂದ..."

ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಹೇಳ್ಬೋದಿತ್ತು ಕಣಮ್ಮ" ಎಂದೆ.

ಸಂಜೆಯ ಬಸ್ಸಿಗೆ ಅವಳು ಹೋಗಲಿಲ್ಲ. ಮಗು ಮಲಗಿತ್ತು, ಅದಕ್ಕೆ ಹೋಗಲಿಲ್ಲವೋ ಏನೋ. ಬ್ಯಾಗು ಮಾತ್ರ ಜಿಪ್ಪು ಎಳೆದುಕೊಂಡು ಗೋಡೆಗೆ ಒರಗಿ ನಿಂತಿತ್ತು. ನಾನು ಎರಡು ದಿನ ಆ ಬ್ಯಾಗನ್ನೇ ಕಾದೆ. ಅಟ್ಟದ ಸದ್ದಿಗೆ ಅಜ್ಜಿ ಕಿವಿ ಕೊಡುತ್ತಿದ್ದ ಹಾಗೆ ಆ ಜಿಪ್ಪಿನ ಸದ್ದಿಗೆ ನಾನು ಕಿವಿ ಕೊಟ್ಟೆ. ಅವಳು ಗಂಜಿ ಕಾಯಿಸಿದಳು, ಪುಟ್ಟನಿಗೆ ಕುಡಿಸಿದಳು, ಅತ್ತೆಗೆ ಅವರೆಕಾಳು ಹಿಚುಕಿಕೊಟ್ಟಳು. ನನಗೆ ಕಾಫಿ ಇಟ್ಟು ಹೋಗುವಾಗ ಲೋಟ ನೆಲಕ್ಕೆ ತಾಕುವ ಸದ್ದಿನಲ್ಲೇ ಸಿಟ್ಟು ಇಳಿದಿದೆಯೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದೆ. ಮೂರನೇ ದಿನ ಬೆಳಗ್ಗೆ ಹಿತ್ತಲಿಗೆ ಹೋದರೆ, ಬಟ್ಟೆ ಒಣಹಾಕುವ ಹಗ್ಗದ ಮೇಲೆ ಪುಟ್ಟನ ಹಳದಿ ಟವೆಲ್ಲು ಇತ್ತು. ಅದು ಆ ಬ್ಯಾಗಿನಲ್ಲಿ ಎಲ್ಲಕ್ಕಿಂತ ಅಡಿಗೆ ಹೋಗಿದ್ದ ಟವೆಲ್ಲು, ನಾನು ಕಣ್ಣಾರೆ ನೋಡಿದ್ದೆ. ಅದನ್ನು ಹಿಡಿದು ನೋಡಿದೆ. ಒದ್ದೆ ಇತ್ತು. ಅಲ್ಲೇ ಗುಡ್ಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟೆ.

ಅವತ್ತು ಮಧ್ಯಾಹ್ನದ ಊಟಕ್ಕೆ ಮುಂಚೆ ಸವಿತಾ ನಡುಮನೆಯಲ್ಲಿ ಚಾಪೆ ಹಾಸಿದಳು, ಸರಿಯಾಗಿ ಆ ಗೆರೆಯ ಮೇಲೆ. ಎಲ್ಲರನ್ನೂ ಕೂರಿಸಿದಳು. ಟೀಚರು ಅಲ್ಲವೇ, ಕೂರಿಸುವುದು ಅವಳಿಗೆ ಗೊತ್ತು. ಪುಟ್ಟನ ಬಟ್ಟಲು ಮಧ್ಯಕ್ಕಿಟ್ಟಳು.

"ಇವ್ನಿಗೆ ಯಾರ್ ಏನ್ ಕೊಟ್ರೂ ಈ ಬಟ್ಲಲ್ಲೇ ಹಾಕ್ಬೇಕು. ಎಲ್ಲಾರ್ಗೂ ಕಾಣ್ಬೇಕು. ಅತ್ತೆ, ನಿಮ್ ಹೂರಣನೂ ಇದ್ರಲ್ಲೇ."

"ಕದ್ದು ಕೊಟ್ರೇನೇ ರುಚಿ ಕಣಮ್ಮ" ಎಂದಳು ಕೆಂಪಮ್ಮ, ಮುಖ ಊದಿಸಿಕೊಂಡು.

"ರುಚಿ ನಿಮ್ಗೆ ಅತ್ತೆ. ಹೊಟ್ಟೆನೋವು ಅವ್ನಿಗೆ" ಎಂದು ಸವಿತಾ ಈ ಸಲ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು. "ಮಾವ, ಅದ್ಯಾವ್ದೋ ಮೊಳ್ಕೆ ಕಾಯಿ ಅಂದ್ರಲ್ಲ. ತನ್ನಿ ಒಂದು. ನಾವೂ ನೋಡೋಣ, ಅದೇನಿದೆ ಅಂತ."

ನಾನು ಹಿತ್ತಲಿಂದ ಕಾಯಿ ತಂದು ಚಾಪೆಯ ಮುಂದೆಯೇ ಒಡೆದೆ. ಎರಡು ಏಟು. ಉಂಡೆ ಇಡಿಯಾಗಿ ಬಂತು, ಬೆಳ್ಳಗೆ. ಸವಿತಾ ಅದನ್ನು ಚೂರು ಮಾಡಿದಳು. ಉಗುರಿನಷ್ಟು ಪುಟ್ಟನ ಬಟ್ಟಲಿಗೆ, ಒಂದು ಚೂರು ಸಿರಿಗೆ, ಗಂಡನಿಗೆ, ಅತ್ತೆಗೆ. ತಾನೂ ಒಂದು ಬಾಯಿಗಿಟ್ಟುಕೊಂಡು ಕಣ್ಣು ಅಗಲಿಸಿದಳು. ಉಳಿದದ್ದನ್ನು ನನ್ನ ಅಂಗೈ ಮೇಲಿಟ್ಟಳು.

"ತಿನ್ನಿ ಮಾವ. ಎಲ್ಲಾರೆದುರಿಗೇ ತಿನ್ನಿ."

ಬಾಯಿಗಿಟ್ಟೆ. ಅಷ್ಟು ವರ್ಷವಾದರೂ ಅದು ಒಂದಿಷ್ಟೂ ಬದಲಾಗಿರಲಿಲ್ಲ. ನಾಲಿಗೆಯ ಮೇಲೆ ಕರಗಿತು, ಎಣ್ಣೆ ವಾಸನೆ ಮೂಗಿಗೆ ಹತ್ತಿತು, ಸೆರಗಿನ ಒರಟು ಬಟ್ಟೆ ತುಟಿಗೆ ಸವರಿದ ಹಾಗಾಯಿತು. ನನ್ನನ್ನೇ ನೋಡುತ್ತಿದ್ದ ಸಿರಿ ಎದ್ದು ಬಂದು ನನ್ನ ತೊಡೆಯ ಮೇಲೆ ಮಂಡಿಯೂರಿ, ಎರಡು ಬೆರಳಲ್ಲಿ ನನ್ನ ಕೆನ್ನೆ ಒತ್ತಿದಳು.

"ತಾತ, ಆ ಅನ್ನು."

"ಆ."

ಅವಳ ಪುಟ್ಟ ಮೂಗು ನನ್ನ ಹಲ್ಲಿನವರೆಗೂ ಬಂತು.

"ಯಾರು ಕೊತ್ತಿದ್ದು?"

ಎಲ್ಲರೂ ನಗುತ್ತಾ ಸವಿತಳ ಕಡೆ ನೋಡಿದರು. ನನ್ನ ಬಾಯಿಗೆ ಬಂದದ್ದು ಬೇರೆ.

"ನಮ್ ಚಿಕ್ಕಮ್ಮ."

"ಎಲ್ಲಿತ್ತು?"

ಅಜ್ಜಿ ಕೇಳದೆ ಬಿಟ್ಟಿದ್ದ ಪ್ರಶ್ನೆ ಅದು.

"ಹಿತ್ಲಲ್ಲಿ ಬಿಸಾಕಿದ್ದ ಕಾಯೀಲಿ ಕಣಮ್ಮ. ಅಟ್ಟದ್ದಲ್ಲ. ಅಟ್ಟ ಹತ್ತೇ ಇಲ್ಲ ಅವ್ಳು."

ನಡುಮನೆಯಲ್ಲಿ ನಗು ನಿಂತಿತು. ಸಿರಿಗೆ ಅದೆಲ್ಲ ಬೇಕಿರಲಿಲ್ಲ. ತನಿಖೆ ಮುಂದುವರಿಸಿದಳು.

"ಯಾವಾಗ ಕೊತ್ತಿದ್ದು?"

"ನಾನು ನಿನ್ನಷ್ಟಿದ್ದಾಗ."

ಸಿರಿ ನನ್ನ ಮುಖವನ್ನು ಚೆನ್ನಾಗಿ ನೋಡಿದಳು. ನಂಬಲಿಲ್ಲ. ಕೆನ್ನೆ ಇನ್ನೊಂದು ಸಲ ಒತ್ತಿ, ಮೂಗು ಒಳಗಿಟ್ಟು, ಉಸಿರೆಳೆದು ಮೂಸಿದಳು.

"ಹೂಂ. ಇನ್ನೂ ವಾಸ್ನೆ ಐತೆ."